ಆಚೆ ಕಡೆ ಮನೆ

ಫೋನು ಚೀಲ ಸೇರಿದ ಮೇಲೂ ಪಾಸ್ಟರ ದನಿ ಅವಳ ಕಿವಿ ಬಿಟ್ಟು ಹೋಗಿರಲಿಲ್ಲ. ‘ವಾಚ್‌ಮನ್ ತಾತ ಬೆಳಿಗ್ಗೆಯಿಂದ ಕಾಯ್ತಾ ಕೂತಿದ್ದಾರಂತಲ್ಲಮ್ಮ. ಅವರ ಮನೆಯವರು ಫೋನ್ ಮಾಡಿದ್ರು, ಇನ್ನೂ ಯಾರೂ ಬಂದೇ ಇಲ್ವಂತೆ. ಎಲ್ಲಿದ್ದೀರಿ ನೀವೆಲ್ಲ?’ ಆ ದನಿಯಲ್ಲಿ ಕೋಪವಿರಲಿಲ್ಲ, ಕೋಪವಿದ್ದಿದ್ದರೆ ವಾಸಿಯಿತ್ತು. ‘ಇಲ್ಲೇ ಇದ್ದೀವಿ ಪಾಸ್ಟರೇ, ಕೆಲಸ ನಡೀತಾ ಇದೆ’ ಎಂದಿದ್ದಳು ಅವಳು. ಆ ಮಾತಿನಲ್ಲಿ ಒಂದಕ್ಷರವೂ ಸುಳ್ಳಿರಲಿಲ್ಲ. ಇಲ್ಲೇ ಇದ್ದರು. ಕೆಲಸವೂ ಭರದಿಂದ ನಡೆಯುತ್ತಿತ್ತು. ಚರ್ಚಿನ ಯುವಜನ ಸಂಘದ ಹುಡುಗರು ಹುಡುಗಿಯರು ಗೋಡೆಯ ನೆತ್ತಿಯ ಮೇಲೆ ಸಾಲಾಗಿ ಕೂತು, ಹಾಡು ಹೇಳಿಕೊಂಡು, ಯಾರದೋ ಮನೆಯ ಹಳೆಯ ತಗಡುಗಳನ್ನೆಲ್ಲ ಕಿತ್ತು ಕೆಳಗಿಳಿಸಿ ಮುಗಿಸಿದ್ದರು. ಬೆಳಿಗ್ಗೆಯಿಂದ ಅದು ‘ತಾತನ ಮನೆ’ಯಾಗಿತ್ತು. ಯಾರದೋ ಮನೆಯಾದದ್ದು ಈಗ, ಫೋನು ಬಂದ ಮೇಲೆ. ಏಣಿ ಹಿಡಿದು ನಿಲ್ಲುವುದು ಅವಳ ಕೆಲಸ. ಮೇಲಿನವರು ಬೀಳದಿರಲಿ ಎಂದು ಹಿಡಿದಿದ್ದ ಏಣಿಯನ್ನು ಈಗ ತಾನು ಬೀಳದಿರಲಿ ಎಂದು ಹಿಡಿದುಕೊಂಡಿದ್ದಳು. ಬಿಸಿಲಿಗೆ ಕಾದ ಏಣಿಯ ಕಬ್ಬಿಣ ಅಂಗೈಯನ್ನು ಚುರುಗುಟ್ಟಿಸುತ್ತಿತ್ತು. ಬಿಡಲಿಲ್ಲ.

ಎಲ್ಲಿ ತಪ್ಪಿದ್ದೆಂದು ಹುಡುಕಲು ಬಹಳ ದೂರ ಹೋಗಬೇಕಾಗಿರಲಿಲ್ಲ. ಹಿಂದಿನ ದಿನವೇ ತಮ್ಮೂರಿನಿಂದ ಬಂದು ಇಲ್ಲಿಯ ಶಾಲೆಯೊಂದರಲ್ಲಿ ಇಳಿದುಕೊಂಡಿದ್ದರು. ಬೆಳಿಗ್ಗೆ ವ್ಯಾನು ನೀರಿನ ಟ್ಯಾಂಕಿನ ಬಳಿ ನಿಂತಿತ್ತು, ಮುಂದಕ್ಕೆ ಓಣಿ ಕಿರಿದು. ಒಳಗೆ ಗಿಟಾರು, ತಮಟೆ, ನಗು. ಒಂದು ಕಿವಿಗೆ ಬೆರಳು ತುರುಕಿ ಇನ್ನೊಂದಕ್ಕೆ ಫೋನು ಒತ್ತಿಕೊಂಡು ‘ಯಾವ ಮನೆ ಪಾಸ್ಟರೇ?’ ಎಂದು ಕೇಳಿದ್ದಳು. ‘ಟ್ಯಾಂಕಿನ ಆಚೆ ಕಡೆ ಮನೆ’ ಎಂದಿದ್ದರು ಅವರು. ಅವಳಿಗೆ ಕೇಳಿಸಿದ್ದು ‘ಟ್ಯಾಂಕಿನ ಆಚೆ, ಕಡೇ ಮನೆ.’ ಟ್ಯಾಂಕಿನ ಆ ಪಕ್ಕದಲ್ಲೇ ಇದ್ದ ಮನೆಯನ್ನು ದಾಟಿಕೊಂಡು, ಇಡೀ ಓಣಿ ನಡೆಸಿ, ಎಲ್ಲರನ್ನೂ ಕಟ್ಟಕಡೆಯ ಮನೆಗೆ ತಂದು ನಿಲ್ಲಿಸಿದ್ದಳು. ಒಂದು ಎಳೆತದ ವ್ಯತ್ಯಾಸ, ಅಷ್ಟೇ. ಅದಕ್ಕಿಂತ ಹೆಚ್ಚಾಗಿ ಅವಳನ್ನು ಈಗ ಕಾಡುತ್ತಿದ್ದದ್ದು ಇನ್ನೊಂದು. ಟ್ಯಾಂಕಿನ ಪಕ್ಕದ ಮನೆಯ ಮುಂದೆ ಮಂಚ, ಪೆಟ್ಟಿಗೆ, ಪಾತ್ರೆಗಳ ಬುಟ್ಟಿ, ಸುತ್ತಿಟ್ಟ ಹಾಸಿಗೆ ಎಲ್ಲವನ್ನೂ ಹೊರಗೆ ಜೋಡಿಸಿಟ್ಟಿತ್ತು, ಅದರ ನಡುವೆ ಪ್ಲಾಸ್ಟಿಕ್ ಕುರ್ಚಿಯ ಮೇಲೆ ಒಬ್ಬ ಮುದುಕ ಕೂತಿದ್ದ, ಇವರ ದಂಡು ಹತ್ತಿರ ಬರುತ್ತಲೇ ಕುರ್ಚಿಯ ಕೈಗಳನ್ನು ಊರಿ ಅರ್ಧ ಎದ್ದಿದ್ದ. ಪಾಪ, ಮನೆ ಖಾಲಿ ಮಾಡುತ್ತಿರಬೇಕು ಅಂದುಕೊಂಡು ಅವಳು ನಕ್ಕು, ಯಾರಿಗಾದರೂ ಹೇಳುವ ಹಾಗೆ, ‘ಬರ್ತೀವಿ ತಾತ’ ಎಂದು ಮುಂದೆ ಹೋಗಿದ್ದಳು. ಮುದುಕ ಮತ್ತೆ ಕೂತಿದ್ದ. ಆ ಅರ್ಧ ಎದ್ದದ್ದು, ಮತ್ತೆ ಕೂತದ್ದು ಅವಳ ಕಣ್ಣಿಗೆ ಆಗಲೇ ಬಿದ್ದಿತ್ತು. ಕಣ್ಣು ನೋಡಿದ್ದನ್ನು ಬುದ್ಧಿ ಕೇಳಿಸಿಕೊಳ್ಳಲಿಲ್ಲ.

ಕಡೆಯ ಮನೆಗೆ ಬೀಗವಿತ್ತು. ಬೀಗ ನೋಡಿಯಾದರೂ ಅನುಮಾನ ಬರಬೇಕಿತ್ತು. ‘ಕೆಲಸಕ್ಕೆ ಹೋಗಿರ್ತಾರೆ ಅಕ್ಕ, ಸೂರು ರಿಪೇರಿ ಮಾಡೋಕೆ ಬಾಗಿಲು ಯಾಕೆ?’ ಎಂದಿದ್ದ ಸ್ತೋತ್ರ. ಅವನ ಹೆಸರು ಅದಲ್ಲ. ವೈರಿಂಗ್ ಕೆಲಸ ಮಾಡುವ ಆ ಹುಡುಗ ಊಟ ಸಿಕ್ಕರೂ, ಕರೆಂಟು ಹೊಡೆದರೂ, ಹೆಬ್ಬೆರಳಿಗೆ ಸುತ್ತಿಗೆ ಬಿದ್ದರೂ ‘ದೇವರಿಗೆ ಸ್ತೋತ್ರ’ ಎನ್ನುತ್ತಿದ್ದುದರಿಂದ ಹಾಗೆ ಆಗಿಹೋಗಿದ್ದ. ಆಮೇಲೆ ಎಲ್ಲರೂ ಕೈಕೈ ಹಿಡಿದು ಕಣ್ಣು ಮುಚ್ಚಿ ಪ್ರಾರ್ಥನೆ ಮಾಡಿದರು. ಊರಿನಿಂದ ಹೊರಡುವಾಗ ಚರ್ಚಿನಲ್ಲಿ ಕೆಮ್ಮು ಹಿರಿಯರು ಒಂದು ದೀರ್ಘ ಪ್ರಾರ್ಥನೆ ಮಾಡಿ ಕಳಿಸಿದ್ದರೂ (ಪ್ರತಿ ಪ್ರಾರ್ಥನೆಗೆ ಮುಂಚೆ ಅವರು ಮೋಟರು ಶುರು ಮಾಡುವ ಹಾಗೆ ಕೆಮ್ಮುತ್ತಿದ್ದರು) ಇಲ್ಲಿ ಮತ್ತೊಂದು ಬೇಕಿತ್ತು. ಪಕ್ಕದ ಮನೆಯ ಹೆಂಗಸು ಏನೋ ಕೇಳಲು ಹೊರಬಂದವಳು ಇವರ ಮುಚ್ಚಿದ ಕಣ್ಣುಗಳನ್ನು ಕಂಡು ಸದ್ದಿಲ್ಲದೆ ಒಳಗೆ ಹೋದದ್ದನ್ನು ಅವಳು ಒಂದು ಕಣ್ಣು ತೆರೆದು ನೋಡಿದ್ದಳು. ಪ್ರಾರ್ಥನೆಗೆ ನಿಂತವರನ್ನು ಯಾರು ತಾನೇ ತಡೆದು ವಿಳಾಸ ವಿಚಾರಿಸುತ್ತಾರೆ. ಆಮೆನ್ ಎಂದದ್ದೇ ತಡ, ಏಣಿ ಹಾಕಿದರು.

‘ಅಕ್ಕ, ಹೊಸ ಶೀಟು ಕೊಡಿ’ ಎಂದು ಮೇಲಿನಿಂದ ಕೂಗಿದರು. ಅಕ್ಕ ಅಂದರೆ ಅವಳೇ. ಯುವಜನ ಸಂಘದಲ್ಲಿ ಯುವಜನರ ವಯಸ್ಸನ್ನು ದಾಟಿಯೂ ಉಳಿದುಕೊಂಡವಳು. ಅವಳ ಜೊತೆಗೆ ಸೇರಿದವರೆಲ್ಲ ಮದುವೆಯಾಗಿ, ಮಕ್ಕಳನ್ನೆತ್ತಿಕೊಂಡು ಸ್ತ್ರೀಯರ ಸಂಘಕ್ಕೆ ಬಡ್ತಿ ಪಡೆದು ಹೋಗಿದ್ದರು. ಅವಳನ್ನು ಎಲ್ಲಿಗೆ ಕಳಿಸಬೇಕೆಂದು ಗೊತ್ತಾಗದೆ ಎಲ್ಲರೂ ಅಕ್ಕ ಅಂದುಬಿಟ್ಟಿದ್ದರು. ಟೀ ಸುರಿಯುವವಳು, ಚಪ್ಪಲಿ ಕಾಯುವವಳು, ಹಾಡಿನ ಪುಸ್ತಕ ಹಂಚುವವಳು. ಕನ್ನಡಕದ ಅಂಗಡಿಯಲ್ಲಿ ಗಾಜನ್ನು ಚೌಕಟ್ಟಿಗೆ ಕೂರಿಸುವ ಕೆಲಸ ಅವಳದು. ದಿನವಿಡೀ ಬೇರೆಯವರಿಗೆ ಸರಿಯಾಗಿ ಕಾಣುವ ಹಾಗೆ ಮಾಡುತ್ತೀಯ ಎಂದು ಪಾಸ್ಟರು ಒಮ್ಮೆ ತಮಾಷೆ ಮಾಡಿದ್ದರು. ಈ ಸಲ ಮೊದಲ ಬಾರಿಗೆ ಅವರೇ ಕರೆದು, ‘ಮುಂದಾಳುತನ ನೀನೇ ವಹಿಸಮ್ಮ’ ಎಂದಿದ್ದರು. ಆ ರಾತ್ರಿ ಖುಷಿಯಿಂದ ಅವಳಿಗೆ ನಿದ್ದೆ ಬಂದಿರಲಿಲ್ಲ. ಈಗ ಆ ಖುಷಿಯನ್ನು ನೆನೆದರೆ ಮೈಯೆಲ್ಲ ನಾಚಿಕೆಯಾಗುತ್ತಿತ್ತು.

ಶೀಟು ಎತ್ತಿಕೊಡಲು ಏಣಿಯ ಮೇಲೆ ನಾಲ್ಕು ಮೆಟ್ಟಿಲು ಹತ್ತಿದಳು. ಹತ್ತಿದ ಮೇಲೆ ಒಳಗೆ ನೋಡದಿರಲಾಗಲಿಲ್ಲ. ಮನೆಯನ್ನು ಬಾಗಿಲಿನಿಂದ ನೋಡುವುದು ಬೇರೆ, ನೆತ್ತಿಯಿಂದ ನೋಡುವುದು ಬೇರೆ. ಬಾಗಿಲಿನಿಂದ ನೋಡುವವರಿಗೆಂದು ಮನೆಯವರು ಒಂದಿಷ್ಟು ಸರಿಮಾಡಿಟ್ಟಿರುತ್ತಾರೆ. ಮೇಲಿನಿಂದ ಯಾರೂ ನೋಡುವುದಿಲ್ಲವೆಂಬ ನಂಬಿಕೆಯಲ್ಲಿ ಸೂರಿನಡಿ ಬದುಕುತ್ತಾರೆ. ಒಂದು ಮಂಚ, ಅದರ ಮೇಲೆ ಅಂಚಿಗೆ ಅಂಚು ಕೂಡಿಸಿ ಮಡಿಸಿದ ಹೊದಿಕೆ. ಬೋರಲು ಹಾಕಿದ ಒಂದು ತಟ್ಟೆ, ಒಂದು ಲೋಟ. ಕನ್ನಡಿಯ ಮೂಲೆಗೆ ಸಿಕ್ಕಿಸಿದ ಬಾಚಣಿಗೆ. ಹಗ್ಗದ ಮೇಲೆ ಮಡಿಸಿ ಹಾಕಿದ ಸೀರೆಗಳು. ನೆಲದ ಮೇಲೆ ಅಲ್ಲಲ್ಲಿ ಇಟ್ಟ ಡಬ್ಬಿಗಳು, ಸೋರುವ ಜಾಗಗಳಿಗೆ ಸರಿಯಾಗಿ. ಕಿತ್ತ ತಗಡುಗಳಿಗೂ ತೂತುತೂತಿಗೆ ಡಾಂಬರಿನ ತೇಪೆ ಇತ್ತು, ಒಂದರ ಮೇಲೊಂದು, ಯಾರೋ ಒಬ್ಬರೇ ಹತ್ತಿ ಹಚ್ಚಿದ್ದು. ಗಂಡಸಿಲ್ಲದ ಮನೆ, ಹೆಂಗಸಿನ ಮನೆ ಎಂದು ಅವಳಿಗೆ ಬೆಳಿಗ್ಗೆಯೇ ಹೊಳೆಯಬೇಕಿತ್ತು. ಈಗ ಆ ಮಂಚದ ಮೇಲೆ, ತಟ್ಟೆಯ ಮೇಲೆ ತುಕ್ಕಿನ ಪುಡಿ ಉದುರಿತ್ತು. ಒಬ್ಬರೇ ಉಣ್ಣುವ ತಟ್ಟೆಯ ಮೇಲೆ. ಅವಳಿಗೆ ಅಳು ಬಂತು, ಆದರೆ ಶೀಟಿನ ಆ ತುದಿಯನ್ನು ಸ್ತೋತ್ರ ಹಿಡಿದಿದ್ದನಾದ್ದರಿಂದ ಅಳಲಾಗಲಿಲ್ಲ.

ಅವಳಿಗೂ ಒಂದು ತಟ್ಟೆಯಿತ್ತು, ಅಣ್ಣನ ಮನೆಯಲ್ಲಿ. ಅಪ್ಪ ಹೋದ ಮೇಲೆ ಅಣ್ಣ ‘ನಮ್ಮ ಜೊತೇಲೇ ಇದ್ದುಬಿಡು’ ಎಂದಿದ್ದ, ಇದ್ದುಬಿಟ್ಟಿದ್ದಳು. ಉಂಡ ತಟ್ಟೆಯನ್ನು ತೊಳೆದು ಒರೆಸಿ ಅದರ ಜಾಗಕ್ಕೆ ಇಡುವಷ್ಟರಲ್ಲಿ ಅಲ್ಲಿ ಯಾರೂ ಉಂಡಿರಲೇ ಇಲ್ಲವೆನ್ನಿಸಬೇಕು, ಹಾಗೆ. ಅತ್ತಿಗೆ ಕೆಟ್ಟವಳಲ್ಲ, ಕೆಟ್ಟವಳಾಗಿದ್ದರೆ ಜಗಳವಾಡಿ ಹಗುರಾಗಬಹುದಿತ್ತು. ಒಂದು ರಾತ್ರಿ ಮಾತ್ರ, ಎಲ್ಲರ ಪಾತ್ರೆ ತೊಳೆಯುತ್ತ ನಿಂತಿದ್ದಾಗ, ಅತ್ತಿಗೆ ಅಡಿಗೆಮನೆಯ ಬಾಗಿಲಲ್ಲಿ ನಿಂತು ‘ಇನ್ನೂ ಇರ್ತೀಯಾ?’ ಎಂದು ಕೇಳಿದ್ದಳು. ಅಷ್ಟೇ ಮಾತು. ‘ಇಲ್ಲ ಅತ್ತಿಗೆ’ ಎಂದು ಇವಳು ಸೆರಗಿಗೆ ಕೈ ಒರೆಸಿಕೊಂಡಿದ್ದಳು. ಆ ಮಾತಾದ ಮೇಲೆ ಅವಳು ಆ ಮನೆಯಲ್ಲಿ ಒಂದು ಹಪ್ಪಳ ಹೆಚ್ಚಿಗೆ ಕೇಳಿದವಳಲ್ಲ. ಸಂಬಳದಲ್ಲಿ ಮನೆಗೆ ಏನೇ ತಂದರೂ, ಎಷ್ಟೇ ಬೇಗ ಎದ್ದು ನೀರು ತುಂಬಿದರೂ ಇನ್ನೂ ಇರ್ತೀಯಾ ಎಂಬುದು ಬೆನ್ನಿಗೆ ಅಂಟಿಕೊಂಡೇ ಇತ್ತು. ಭಾನುವಾರ ಎಲ್ಲರಿಗಿಂತ ಮೊದಲು ಚರ್ಚಿಗೆ ಬಂದು ಬೆಂಚು ಒರೆಸುವುದೂ ಅದೇ ಲೆಕ್ಕಕ್ಕೆ ಸೇರಿದ್ದು ಎಂದು ಅವಳಿಗೆ ಒಮ್ಮೊಮ್ಮೆ ಅನ್ನಿಸುತ್ತಿತ್ತು. ದೇವರ ಮನೆಯಲ್ಲೂ ಋಣದಲ್ಲಿರುವವಳ ಹಾಗೆ.

‘ಏನಕ್ಕ, ಮುಖ ಬಾಡಿಹೋಗಿದೆ?’ ಸ್ತೋತ್ರ ನೀರು ಕುಡಿಯಲು ಇಳಿದಿದ್ದ.

‘ಏನಿಲ್ಲ. ಬೇಗ ಬೇಗ ಹೊಡೀರಿ. ಕತ್ತಲಾಗೋಷ್ಟರಲ್ಲಿ ಮುಚ್ಚಬೇಕು.’

‘ನಾಳೆನೂ ಇದೆಯಲ್ಲಕ್ಕ.’

‘ಇವತ್ತೇ ಆಗ್ಬೇಕು ಅಂದೆ.’

ಅವಳ ಗಂಟಲಿನಿಂದ ಅಂಥ ದನಿ ಬಂದದ್ದನ್ನು ಅವನು ಹಿಂದೆಂದೂ ಕೇಳಿರಲಿಲ್ಲ. ‘ದೇವರಿಗೆ ಸ್ತೋತ್ರ’ ಎಂದೂ ಹೇಳದೆ ಏಣಿ ಹತ್ತಿದ. ಹೇಳಿಬಿಡಬೇಕಿತ್ತು ಅವನಿಗೆ, ಈಗಲೇ. ಹೇಳಿದರೆ ಸುತ್ತಿಗೆಗಳು ನಿಲ್ಲುತ್ತವೆ, ಚರ್ಚೆ ಶುರುವಾಗುತ್ತದೆ, ಸೂರಿಲ್ಲದ ಮನೆ ಸೂರಿಲ್ಲದೆ ಉಳಿಯುತ್ತದೆ ಎಂದು ತನಗೆ ತಾನೇ ಸಮಜಾಯಿಷಿ ಕೊಟ್ಟುಕೊಂಡಳು. ಅದರಲ್ಲಿ ನಿಜವೂ ಇತ್ತು, ಪುಕ್ಕಲುತನವೂ ಇತ್ತು, ಎರಡೂ ಬೇರ್ಪಡಿಸಲಾಗದ ಹಾಗೆ ಬೆರೆತುಹೋಗಿದ್ದವು. ಇನ್ನೊಂದು ದಾರಿಯೂ ಇತ್ತು, ರಾಜಮಾರ್ಗ: ‘ಇದೂ ದೇವರ ಚಿತ್ತ’ ಎಂದುಬಿಡುವುದು. ಅವರ ಸಭೆಯಲ್ಲಿ ಎಡವಟ್ಟಾದದ್ದೆಲ್ಲ ದೇವರ ಚಿತ್ತವೇ. ಮೈಕು ಕೈಕೊಟ್ಟರೆ ಚಿತ್ತ, ವ್ಯಾನು ಕೆಟ್ಟರೆ ಚಿತ್ತ. ಅವಳಿಗೆ ಮದುವೆಯಾಗದಿದ್ದದ್ದೂ ಚಿತ್ತ ಎಂದು ಸ್ತ್ರೀಯರ ಸಂಘದವರು ಭುಜ ತಟ್ಟಿ ಹೇಳಿದ್ದರು. ಹುಡುಗರು ಕುಣಿದು ಒಪ್ಪಿಕೊಳ್ಳುತ್ತಿದ್ದರು, ಸಭೆಯ ಮುಂದೆ ನಿಂತು ದೇವರು ಮಾಡಿದ್ದರ ಸಾಕ್ಷಿ ಹೇಳುವಾಗ ಇದೇ ದೊಡ್ಡ ಕಥೆಯಾಗುತ್ತಿತ್ತು. ಆದರೆ ಏಣಿ ಹಿಡಿದು ನಿಂತ ಅವಳಿಗೆ ಯಾಕೋ ಹಟ ಬಂತು. ಎಲ್ಲವನ್ನೂ ದೇವರೇ ತೆಗೆದುಕೊಂಡರೆ ತನಗೇನು ಉಳಿಯಿತು? ಈ ತಪ್ಪೊಂದಾದರೂ ತನ್ನದಾಗಿರಲಿ.

ಬಿಸಿಲು ಇಳಿಯುವ ಹೊತ್ತಿಗೆ, ಕೊನೆಯ ಸಾಲಿನ ಶೀಟುಗಳು ಮಾತ್ರ ಉಳಿದಿದ್ದಾಗ, ಓಣಿಯ ತುದಿಯಿಂದ ಸೊಂಟದ ಮೇಲೆ ಬಟ್ಟೆಯ ಗಂಟು ಹೊತ್ತ ಒಬ್ಬ ಹೆಂಗಸು ಬಂದಳು. ನರೆತ ಕೂದಲು, ಆದರೆ ಉಟ್ಟ ಸೀರೆಯ ನೆರಿಗೆಗಳು ಈಗ ತಾನೇ ಉಟ್ಟಂತೆ ಗರಿಗರಿ. ಮುಂಗೈ ಮೇಲೆ ಹಳೆಯ ಸುಟ್ಟ ಗೆರೆಗಳು. ಇಸ್ತ್ರಿ ಮಾಡುವವಳು. ತನ್ನ ಮನೆಯ ಮುಂದೆ ಬಂದು, ಗಂಟು ಇಳಿಸದೆ, ಮೇಲೆ ನೋಡಿದಳು. ಗೋಡೆಯ ಮೇಲಿದ್ದವರೆಲ್ಲ ಹಾಡು ನಿಲ್ಲಿಸಿ ಕೈಬೀಸಿದರು.

‘ಯಾರಪ್ಪ ನೀವು?’

‘ಚರ್ಚಿನಿಂದ ಬಂದಿದ್ದೀವಮ್ಮ’ ಎಂದ ಸ್ತೋತ್ರ ಮೇಲಿನಿಂದಲೇ. ‘ದೊಡ್ಡ ಬೀದಿ ಚರ್ಚು. ನಿಮ್ಮ ಸೂರು ರಿಪೇರಿಗೆ. ತಾತ ಎಲ್ಲಿ?’

ಆ ಹೆಂಗಸು ತಾತನ ಮಾತನ್ನು ಕಿವಿಗೇ ಹಾಕಿಕೊಳ್ಳಲಿಲ್ಲ. ದೊಡ್ಡ ಬೀದಿ ಚರ್ಚು ಎಂದೊಡನೆ ಅವಳ ಮುಖದಲ್ಲಿ ಏನೋ ಆಯಿತು. ‘ಅಣ್ಣ ಕಳಿಸಿದ್ನಾ?’ ಎಂದಳು.

‘ಯಾವ ಅಣ್ಣ?’

‘ನಿಮ್ಮ ಚರ್ಚಿನ ಹಿರಿಯ. ಕೆಮ್ತಾ ಇರ್ತಾನಲ್ಲ.’

‘ಓ, ನಮ್ಮ ಹಿರಿಯರು ನಿಮ್ಮಣ್ಣನಾ?’ ಸ್ತೋತ್ರನಿಗೆ ಹಿಗ್ಗೋ ಹಿಗ್ಗು. ‘ಅವರೇ ಪ್ರಾರ್ಥನೆ ಮಾಡಿ ಕಳಿಸಿಕೊಟ್ಟಿದ್ದು. ದೇವರಿಗೆ ಸ್ತೋತ್ರ.’

ಇಸ್ತ್ರಿಯಮ್ಮ ಗಂಟನ್ನು ಮೆಲ್ಲಗೆ ನೆಲಕ್ಕಿಳಿಸಿದಳು. ‘ಮಾತು ಬಿಟ್ಟು ಎಷ್ಟು ಕಾಲ ಆಯ್ತು’ ಎಂದಳು, ಯಾರಿಗೂ ಅಲ್ಲದಂತೆ. ಸೆರಗನ್ನು ಬಾಯಿಗೆ ಒತ್ತಿಕೊಂಡಳು. ಗೋಡೆಯ ಮೇಲಿನ ಹುಡುಗಿಯೊಬ್ಬಳು ಕಣ್ಣೊರೆಸಿಕೊಂಡದ್ದು ಏಣಿಯ ಬುಡದಿಂದಲೇ ಕಂಡಿತು. ಎಲ್ಲ ಎಷ್ಟು ಚೆನ್ನಾಗಿ ಕೂಡಿಬಂದಿತ್ತು. ಸುಮ್ಮನಿದ್ದರೆ ಸಾಕು, ಮುನಿದ ಅಣ್ಣ ತಂಗಿ ಒಂದಾಗುತ್ತಾರೆ, ತಪ್ಪು ತಂತಾನೇ ತೊಳೆದುಹೋಗುತ್ತದೆ, ಯಾರೂ ಯಾರಿಗೂ ಏನೂ ಹೇಳಬೇಕಾಗಿಲ್ಲ. ಈ ಸಂತೋಷವನ್ನು ಕಸಿದುಕೊಳ್ಳಲು ತಾನು ಯಾರು ಎಂದು ಅವಳಿಗೆ ಅನ್ನಿಸಿತು. ಅದರ ಬೆನ್ನಿಗೇ, ಓಣಿಯ ಆ ತುದಿಯಲ್ಲಿ ಅರ್ಧ ಎದ್ದು ಮತ್ತೆ ಕೂತ ಮುದುಕ ಕಣ್ಣ ಮುಂದೆ ಬಂದ. ಅವಳು ಏಣಿ ಬಿಟ್ಟಳು.

‘ಅಮ್ಮ, ನಿಮ್ಮಣ್ಣ ಕಳಿಸಿಲ್ಲ. ಯಾರೂ ಕಳಿಸಿಲ್ಲ. ನಾವು ಮನೆ ತಪ್ಪಿ ಬಂದಿದ್ದೀವಿ.’

‘ತಪ್ಪಿ ಅಂದ್ರೆ?’

‘ಟ್ಯಾಂಕಿನ ಪಕ್ಕ ವಾಚ್‌ಮನ್ ತಾತ ಇದ್ದಾರಲ್ಲ, ಅವರ ಮನೆಗೆ ಹೋಗ್ಬೇಕಿತ್ತು. ಆಚೆ ಕಡೆ ಮನೆ ಅಂದಿದ್ದನ್ನ ನಾನು ಕಡೇ ಮನೆ ಅಂತ ಕೇಳಿಸ್ಕೊಂಡೆ. ನಿಮ್ಮನ್ನ ಒಂದು ಮಾತು ಕೇಳ್ದೆ ನಿಮ್ಮ ಸೂರು ಕೀಳಿಸಿಬಿಟ್ಟೆ. ತಪ್ಪು ನನ್ನದು. ಈ ಮಕ್ಕಳಿಗೆ ಗೊತ್ತಿಲ್ಲ.’

ಸುತ್ತಿಗೆಗಳು ನಿಂತವು. ತಾನು ಹೇಳಿ ಮುಗಿಸಿದ ಮೇಲೂ ತನ್ನ ಕೈಗಳು ಮುಂದೆ ಚಾಚಿಕೊಂಡೇ ಇವೆ ಎಂಬುದು ಅವಳಿಗೆ ತಡವಾಗಿ ತಿಳಿಯಿತು. ಇಸ್ತ್ರಿಯಮ್ಮ ಅವಳನ್ನೇ ನೋಡುತ್ತಿದ್ದಳು.

‘ಅಣ್ಣನಿಗೆ ಇದು ಗೊತ್ತೇ ಇಲ್ವಾ?’

‘ಇಲ್ಲಮ್ಮ.’

‘ನಿಜ ಹೇಳ್ತಿದ್ದೀಯಾ?’

‘ನನಗೇ ಗೊತ್ತಾಗಿದ್ದು ಮಧ್ಯಾಹ್ನ.’

‘ಸದ್ಯ’ ಎಂದಳು ಇಸ್ತ್ರಿಯಮ್ಮ, ಬಟ್ಟೆಯ ಗಂಟಿನ ಮೇಲೆಯೇ ಕೂತುಬಿಟ್ಟಳು. ಎದೆಯ ಮೇಲೆ ಕೈ ಇಟ್ಟುಕೊಂಡು ಮತ್ತೊಮ್ಮೆ, ‘ಅಬ್ಬಾ, ಸದ್ಯ’ ಎಂದಳು. ‘ನನ್ನ ಜೀವವೇ ಹೋಗಿತ್ತಲ್ಲೇ. ಹಿಂದೊಂದ್ಸಲ ಅವನೇ ತಗಡು ತಂದು ಹೊಡೆಸಿದ್ದ. ನೆಂಟರ ಮದುವೇಲಿ, ಊಟದ ಪಂಕ್ತಿ ಮಧ್ಯ ನಿಂತ್ಕೊಂಡು, ನನ್ನ ತಂಗಿ ತಲೆ ಮೇಲಿರೋ ಸೂರು ನನ್ನದು ಅಂದ. ಅನ್ನ ಗಂಟಲಲ್ಲಿ ಇಳೀಲಿಲ್ಲ ನನಗೆ. ಮಾರನೇ ದಿನ ಆ ತಗಡೆಲ್ಲ ಕೀಳಿಸಿ ಗಾಡಿಗೆ ಹಾಕಿ ಅವನ ಮನೆ ಮುಂದೆ ಇಳಿಸಿ ಬಂದೆ. ಅವತ್ತಿಂದ ಸೋರಿದ್ರೆ ಸೋರಲಿ, ನನ್ನ ಡಬ್ಬಿ ನಾನು ಇಟ್ಕೋತೀನಿ. ಈಗ ಮತ್ತೆ ಅವನ ಹಂಗಿಗೆ ಬಿದ್ನಲ್ಲ, ಇಷ್ಟನ್ನೂ ಹೇಗಪ್ಪ ಕೀಳಿಸೋದು ಅಂತ ಕೈಕಾಲೇ ಬಿದ್ದುಹೋಗಿತ್ತು.’ ಸೆರಗಿನಿಂದ ಮುಖ ಒರೆಸಿಕೊಂಡು ಅವಳು ನಕ್ಕಳು. ‘ತಪ್ಪಿ ಬಂದ್ರಾ? ಹಾಗಾದ್ರೆ ಯಾರ ಹಂಗೂ ಇಲ್ಲ ನನಗೆ. ನಾನು ಥ್ಯಾಂಕ್ಸ್ ಹೇಳಲ್ಲ, ನೋಡು.’

‘ಹೇಳ್ಬೇಡಿ’ ಎಂದಳು ಇವಳು.

‘ಯಾಕ್ ಹೇಳ್ಬೇಕು? ಕೇಳ್ದೆ ಕಿತ್ತಿದ್ದೀರಿ, ಮುಚ್ಚಿ ಹೋಗೋದು ನಿಮ್ಮ ಕರ್ಮ. ಮೇಲೆ ಏನು ನೋಡ್ತಾ ಕೂತಿದ್ದೀರಿ, ಹೊಡೀರಿ ಮೊಳೆ. ತಾತನ ತಗಡಿನ ವಿಷಯ ನಾವು ನಾವು ನೋಡ್ಕೋತೀವಿ, ಅವರ ಬಟ್ಟೆಗೆಲ್ಲ ಇಸ್ತ್ರಿ ಹಾಕೋಳು ನಾನೇ.’ ಅಷ್ಟು ಹೇಳಿ, ಇವಳ ಸುಕ್ಕಾದ ಕುರ್ತಾದ ಮೇಲೆ ಕಣ್ಣಾಡಿಸಿ, ‘ಇದೇನು, ಒದ್ದೆ ಹಿಂಡಿ ಹಾಗೇ ಹಾಕ್ಕೊಂಡು ಬಂದ್ಯಾ?’ ಎಂದಳು. ಇವಳಿಗೆ ನಗು ಬಂತು, ಬಂದದ್ದು ನಿಲ್ಲಲಿಲ್ಲ. ಬೆಳಿಗ್ಗೆಯಿಂದ, ಬಹುಶಃ ಬಹಳ ದಿನದಿಂದ, ಬಿಗಿಹಿಡಿದಿದ್ದ ಹೊಟ್ಟೆ ಸಡಿಲವಾಗಿ ನೋಯುವವರೆಗೂ ನಕ್ಕಳು. ಮೇಲೆ ಸ್ತೋತ್ರ ಒಂದು ಮೊಳೆ ಹೊಡೆದ.

ಆಮೇಲೆ ಪಾಸ್ಟರಿಗೆ ಫೋನು ಮಾಡುವುದು ಅಷ್ಟು ಕಷ್ಟವಾಗಲಿಲ್ಲ. ‘ಕಡೇ ಮನೆ ಅಂದ್ರಿ ಪಾಸ್ಟರೇ.’ ‘ಕಡೆ ಮನೆ ಅಂದೆನಮ್ಮ.’ ‘ಅದೇ, ಕಡೇ ಮನೆ.’ ‘ಕಡೇ ಅಲ್ಲಮ್ಮ, ಕಡೆ. ಆಚೆ ಕಡೆ, ಈಚೆ ಕಡೆ, ಆ ಕಡೆ.’ ಸ್ವಲ್ಪ ಹೊತ್ತು ಇಬ್ಬರೂ ಕಡೆಕಡೆ ಎಂದುಕೊಂಡು, ಕಡೆಗೆ ಪಾಸ್ಟರೇ ಸೋತು ನಿಟ್ಟುಸಿರಿಟ್ಟರು. ಇಳಿದುಕೊಂಡಿದ್ದ ಶಾಲೆಯಲ್ಲಿ ಮುಂದಿನ ಮನೆಗೆಂದು ಇಟ್ಟ ಶೀಟುಗಳಿವೆ, ನಾಳೆ ತಾತನಿಗೆ ಅವನ್ನೇ ಹಾಕಿ, ಬೇರೆ ತರಿಸೋಣ ಎಂದರು. ಕೊನೆಗೆ ‘ಇದೂ ದೇವರ...’ ಎಂದು ಶುರು ಮಾಡಿದರು. ‘ಇಲ್ಲ ಪಾಸ್ಟರೇ, ನನ್ನದೇ’ ಎಂದಳು ಅವಳು. ಅವರ ಮಾತನ್ನು ಅವಳು ಅರ್ಧಕ್ಕೆ ತಡೆದದ್ದು ಅದೇ ಮೊದಲು. ಆ ಕಡೆಯಿಂದ ನಗು ಕೇಳಿಸಿತು.

ಓಣಿಯಲ್ಲಿ ವಾಪಸು ನಡೆಯುವಾಗ ಹುಡುಗರು ಅವಳಿಂದ ತುಸು ಹಿಂದೆ ಬರುತ್ತಿದ್ದರು, ಕೋಪಕ್ಕಲ್ಲ, ಇಂಥ ತಪ್ಪು ಮಾಡಬಲ್ಲವಳೊಂದಿಗೆ ಹೇಗೆ ಮಾತಾಡಬೇಕೆಂದು ಅವರಿಗೆ ಇನ್ನೂ ಗೊತ್ತಾಗಿರಲಿಲ್ಲ. ಮನೆಗಳಲ್ಲಿ ದೀಪ ಹಾಕುತ್ತಿದ್ದರು. ಒಂದು ಬಾಗಿಲಲ್ಲಿ ಯಾರೋ ಹೆಂಗಸು ಸ್ವಿಚ್ಚಿನ ಮೇಲೆ ಕೈಯಿಟ್ಟು ಒಳಗೆ ಯಾರನ್ನೋ ಏನೋ ಕೇಳುತ್ತಿದ್ದಳು. ಇವಳ ಕಾಲು ಅಲ್ಲೇ ನಿಂತಿತು. ಆ ರಾತ್ರಿ ಅತ್ತಿಗೆಯ ಕೈಯೂ ಸ್ವಿಚ್ಚಿನ ಮೇಲಿತ್ತು. ಇದ್ದೇ ಇತ್ತು, ಅವಳ ಕಣ್ಣು ಅದನ್ನು ನೋಡಿತ್ತು, ಇಷ್ಟು ಕಾಲ ಜೋಪಾನವಾಗಿಯೂ ಇಟ್ಟಿತ್ತು. ಇನ್ನೂ ಇರ್ತೀಯಾ, ಇಲ್ಲ ಅಡಿಗೆಮನೆ ದೀಪ ಆರಿಸಲಾ. ಅಷ್ಟನ್ನೇ ಕೇಳಿದ್ದಿರಬಹುದೇ ಅತ್ತಿಗೆ? ಹಾಗಲ್ಲದೆಯೂ ಇರಬಹುದು. ಆದರೆ ಕಡೆ ಮನೆಯನ್ನು ಕಡೇ ಮನೆ ಮಾಡಿದ ಕಿವಿ ಇದು, ಇದನ್ನೇ ನೆಚ್ಚಿಕೊಂಡು ಇಷ್ಟು ವರ್ಷ ಬೋರಲು ತಟ್ಟೆಯ ಹಾಗೆ ಬದುಕಿದೆನಲ್ಲ ಎಂದು ಅವಳಿಗೆ ಆಶ್ಚರ್ಯವಾಯಿತು. ಊರಿಗೆ ಹೋದ ಮೇಲೆ ಅತ್ತಿಗೆಯನ್ನೇ ಕೇಳಬೇಕು. ಕೇಳಿದರೆ ಅತ್ತಿಗೆಗೆ ನೆನಪೇ ಇರಲಿಕ್ಕಿಲ್ಲ. ಹಾಗೆ ಅನ್ನಿಸಿದಾಗ ಅವಳಿಗೆ ಹೇಳಲಾರದಷ್ಟು ಹಗುರವಾಯಿತು.

ಟ್ಯಾಂಕಿನ ಪಕ್ಕದ ಮನೆಯ ಮುಂದೆ ಮಂಚ, ಪೆಟ್ಟಿಗೆ, ಬುಟ್ಟಿ ಎಲ್ಲ ಇದ್ದಲ್ಲೇ ಇದ್ದವು. ತಾತ ಕುರ್ಚಿಯ ಕೈಗಳನ್ನು ಊರಿ ಎದ್ದ, ಈ ಸಲ ಪೂರ್ತಿ. ಅವನ ಹೆಂಡತಿ ಹೊಸಿಲ ಮೇಲೆ ಮುಖ ಊದಿಸಿಕೊಂಡು ಕೂತಿದ್ದಳು. ಇವಳು ತಪ್ಪಾಯಿತು ಎನ್ನಲು ಬಾಯಿ ತೆರೆಯುವ ಮೊದಲೇ ತಾತ ಹೆಂಡತಿಯ ಕಡೆ ತಿರುಗಿದ.

‘ನೋಡಿದ್ಯಾ? ಸುಮ್ಮನೆ ಗಾಬರಿ ಬಿದ್ದು ಪಾಸ್ಟರಿಗೆ ಫೋನ್ ಮಾಡಿದೆ. ಬೆಳಿಗ್ಗೆನೇ ಈಯಮ್ಮ ನನ್ನ ಮುಖ ನೋಡಿ ಬರ್ತೀವಿ ತಾತ ಅಂತ ಹೇಳಿ ಹೋಗಿದ್ರು. ಬರ್ತೀವಿ ಅಂದೋರು ಬರ್ದೆ ಇರ್ತಾರಾ ಅಂತ ನಾನು ಆಗಿಂದ ಬಡ್ಕೋತಾ ಇದ್ದೀನಿ.’

ಅವಳು ಹೊರಗಿದ್ದ ಮಂಚದ ಅಂಚಿನ ಮೇಲೆ ಕೂತು, ಆದದ್ದನ್ನೆಲ್ಲ ಹೇಳಿದಳು. ತಾತ ಕಡೇ ಮನೆಯ ಮಾತಿಗೆ ಹಲ್ಲಿಲ್ಲದ ಬಾಯಿ ತೆರೆದು ನಕ್ಕ. ಹೆಂಡತಿಗೂ ಮುಖ ಊದಿಸಿಕೊಂಡಿರಲು ಆಗಲಿಲ್ಲ. ಹುಡುಗರು ಮಂಚವನ್ನೆತ್ತಿ ಒಳಗಿಟ್ಟರು, ಪೆಟ್ಟಿಗೆ ಇಟ್ಟರು, ಸ್ತೋತ್ರ ಹಾಸಿಗೆ ಬಿಚ್ಚಿ ಹಾಸಿದ. ನಾಳೆ ಮತ್ತೆ ಹೊರಗೆ ತರಬೇಕಲ್ಲ ಎಂದು ಅಜ್ಜಿ ಗೊಣಗಿದರೂ ಯಾವುದು ಎಲ್ಲಿಡಬೇಕೆಂದು ಬೆರಳು ಮಾಡಿ ತೋರಿಸುತ್ತಿದ್ದಳು. ಎಲ್ಲ ಮುಗಿದ ಮೇಲೆ ಹೊರಡಬೇಕಾಯಿತು. ಬಾಯಿಗೆ ಬಂದ ಮಾತು ಅವಳನ್ನು ತಡೆದು ನಿಲ್ಲಿಸಿತು. ದಿನಕ್ಕೆ ಎಷ್ಟು ಸಲ, ಎಷ್ಟು ಜನರಿಗೆ ಹೇಳುವ ಮಾತು. ಅವಳು ತಾತನ ಮುಖ ನೋಡಿ, ಒಂದೊಂದೇ ಅಕ್ಷರ ಹೇಳುವ ಹಾಗೆ ಹೇಳಿದಳು.

‘ಬರ್ತೀವಿ ತಾತ.’

‘ಹೂಂ’ ಎಂದ ತಾತ. ಕುರ್ಚಿಯನ್ನೂ ಒಳಗಿಡಲು ಬಗ್ಗಿದ ಹುಡುಗನ ಕೈ ಹಿಡಿದು, ‘ಅದು ಇಲ್ಲೇ ಇರ್ಲಿ ಬಿಡಪ್ಪ’ ಎಂದ.